ಬಾಗಿನಗುಂಡಿಯ ಒರತೆ

ತುಂಗಭದ್ರೆಯ ಬಯಲಿನಲ್ಲಿ, ಹೊಳೆಗೆ ಸೇರುವ ಹಳ್ಳವೊಂದರ ದಡದಲ್ಲಿ ಎರಡು ಮಣ್ಣಿನ ದಿಬ್ಬಗಳು ಎದುರುಬದುರಾಗಿ ನಿಂತಿವೆ. ನಡುವೆ ಆನೆ ಮುಳುಗುವಷ್ಟು ಆಳದ ಗುಂಡಿ. ಸುತ್ತಲಿನವರು ಇದನ್ನು ಬಾಗಿನಗುಂಡಿ ಎನ್ನುತ್ತಾರೆ. ಹೆಸರೇನೋ ಮಂಗಳಕರ, ಅದು ಹುಟ್ಟಿದ ಬಗೆ ಮಾತ್ರ ಶತ್ರುವಿಗೂ ಬೇಡ. ಆ ದಿಬ್ಬಗಳು ಒಂದು ಕಾಲಕ್ಕೆ ಒಂದೇ ಏರಿಯಾಗಿದ್ದವು. ಏರಿಯ ಹಿಂದೆ ಕಣ್ಣು ಹರಿಯುವಷ್ಟು ದೂರ ಕೆರೆ, ಕೆಳಗೆ ಬೆಸ್ತರ ಕೇರಿ.

ಹಿಂದೆ ಒಮ್ಮೆ ಆ ಕೇರಿಯ ಹಿರಿಯ ತಿರುಕಪ್ಪನ ಮನೆಗೆ ಅವನ ಒಬ್ಬಳೇ ಮಗಳು ಹೊನ್ನಿಯನ್ನು ನೋಡಲು ಬೀಗರು ಬಂದರು. ಅಂದೇ ನೀರುನಾಯಿಗಳು ಬಲೆ ಹರಿದು ಮೀನನ್ನೆಲ್ಲ ತಿಂದು ಹೋಗಿದ್ದವು. ಎಲೆಗೆ ಬಿದ್ದ ಸೊಪ್ಪಿನ ಸಾರು ಕಂಡು ಬೀಗರು, "ಬೆಸ್ತರ ಮನ್ಯಾಗ ಮೀನಿಗೆ ಬರ ಏನ್ರೀ?" ಎಂದು ನಕ್ಕರು. ಮದುವೆ ಕುದುರಿತು, ಆದರೆ ಆ ನಗು ತಿರುಕಪ್ಪನ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು. ನೀರುನಾಯಿಗಳ ವಂಶವನ್ನೇ ತೆಗೆಯುತ್ತೇನೆಂದು ಗಂಗಮ್ಮನ ಮೇಲೆ ಆಣೆ ಇಟ್ಟ. ಬಿಲಗಳ ಬಾಯಿಗೆ ಹೊಗೆ ಹಾಕಿ, ಹೊರಬಂದವುಗಳನ್ನು ಈಟಿಯಿಂದ ತಿವಿದ. ಇನ್ನೂ ಕಣ್ಣು ಬಿಡದ ಮರಿಗಳನ್ನು ತಾಯಿಯ ಮೊಲೆಯಿಂದ ಕಿತ್ತು ಕಲ್ಲಿಗೆ ಬಡಿದ. ಅವನ ತಾಯಿ ದ್ಯಾಮವ್ವ, "ಬಾಣಂತಿ ಐತೋ ಅದು, ಬಿಡು. ಕೆರಿ ನಿನ್ನ ಒಬ್ಬಾಂದಲ್ಲ" ಎಂದಳು. "ನೀ ಸುಮ್ನಿರಬೇ. ತಿನ್ನೋ ಬಾಯಿ ಕಡಿಮಿ ಆದ್ರ ನಮ್ಮ ಪಾಲು ಹೆಚ್ಚಾಗ್ತೈತಿ" ಎಂದನಂತೆ. ಕೆಡುಗಾಲಕ್ಕೆ ಕೆಟ್ಟ ಬುದ್ಧಿ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ!

ಮೀನೇನೋ ಹೆಚ್ಚಿತು. ಹೊನ್ನಿಯ ಮದುವೆಯಲ್ಲಿ ಬೀಗರು ಬೆವರು ಒರೆಸಿಕೊಂಡು ಉಂಡರು. ಆದರೆ ನೀರುನಾಯಿಗಳು ಮೀನಿನೊಡನೆ ಏಡಿಗಳನ್ನೂ ತಿನ್ನುತ್ತಿದ್ದವು ಎಂಬುದನ್ನು ಯಾರೂ ನೆನೆಯಲಿಲ್ಲ. ತಿನ್ನುವವರಿಲ್ಲದೆ ಏಡಿಗಳು ಕೊಬ್ಬಿ, ಬಿಲ ತೋಡುತ್ತ ತೋಡುತ್ತ ಏರಿಯನ್ನು ಒಳಗೊಳಗೇ ಜರಡಿ ಮಾಡಿದವು. ಕೆಲವು ಮಳೆಗಾಲ ಕಳೆದು ಹೊನ್ನಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಾಗ ಕೆರೆ ತುಂಬಿತ್ತು. ಏರಿಯ ಬುಡದಲ್ಲಿ, ತಿರುಕಪ್ಪನ ಹಿತ್ತಿಲಲ್ಲೇ ಒಂದು ಒರತೆ ಚಿಮ್ಮಿತು. ಗಂಗಮ್ಮ ತಾನಾಗಿ ಮನೆಗೆ ಬಂದಳೆಂದು ಕೇರಿಯೆಲ್ಲ ಕುಣಿಯಿತು. ಹೊಸ ನೀರಿಗೆ ಮೊದಲ ಬಾಗಿನವನ್ನು ಬಸುರಿಯೇ ಕೊಡಬೇಕೆಂಬುದು ಅವರ ಪದ್ಧತಿ. ತಿರುಕಪ್ಪನಿಗೆ ಹೆಮ್ಮೆಯೋ ಹೆಮ್ಮೆ. ಮಗಳನ್ನು ತಾನೇ ಕೈಹಿಡಿದು ಒರತೆಯ ಬಳಿ ಕೂರಿಸಿ, ಕುಂಕುಮ ತರಲು ಏರಿಯ ಮೇಲಿನ ಗುಡಿಗೆ ಹೋದ.

ಮೇಲಿನಿಂದ ತಿರುಗಿ ನೋಡಿದರೆ ಒರತೆಯ ನೀರು ಕೆಂಪಗಾಗಿತ್ತು. ನೆಲದ ಒರತೆ ಹಾಗೆ ಕದಡುವುದಿಲ್ಲ. ಬರುತ್ತಿದ್ದುದು ಏರಿಯ ಮಣ್ಣು. "ಹೊನ್ನೀ, ಏಳವ್ವಾ! ಏರಿ ಒಡಿತೈತಿ!" ಎಂದು ಕೈಯೆತ್ತಿ ಕೂಗಿದ. ಬಾಗಿನಕ್ಕೆಂದು ಬಾರಿಸುತ್ತಿದ್ದ ಹಲಗೆಯ ಸದ್ದಿನಲ್ಲಿ ಕೂಗು ಅಡಗಿತು. ಅಪ್ಪ ಹರಸುತ್ತಿದ್ದಾನೆಂದು ತಿಳಿದ ಹೊನ್ನಿ ನಕ್ಕು, ಬಾಗಿನದ ಮೊರವನ್ನು ನೀರಿಗೆ ನೀಡಿದಳು. ಅವನ ಕಣ್ಣೆದುರೇ ಏರಿ ಬಾಯಿ ತೆರೆಯಿತು. ಕೇರಿ ಇದ್ದ ಗುರುತೂ ಉಳಿಯಲಿಲ್ಲ. ತಿರುಕಪ್ಪ ನಿಂತಿದ್ದ ತುಂಡನ್ನೂ ಎದುರಿನ ತುಂಡನ್ನೂ ಮಾತ್ರ ನೀರು ಮುಟ್ಟಲಿಲ್ಲ. ಅವನು ಮುದುಕನಾಗಿ ಸಾಯುವವರೆಗೂ ಆ ಗುಂಡಿಯ ಕೆಸರು ಬಗೆಯುತ್ತಲೇ ಇದ್ದ ಎನ್ನುತ್ತಾರೆ. ಕೈಗೆ ಏಡಿಗಳು ಸಿಕ್ಕವು, ಮಗಳು ಸಿಗಲಿಲ್ಲ.

ಈಗಲೂ ಬೇರೆ ಕೆರೆಗಳಿಗೆ ಬಾಗಿನ ಒಯ್ಯುವ ಹೆಂಗಸರು ಈ ಗುಂಡಿಯನ್ನು ಬಳಸಿ ದೂರದಿಂದ ಹೋಗುತ್ತಾರೆ. ಹಳ್ಳಕ್ಕೆ ಎಲ್ಲಿಂದಲೋ ನೀರುನಾಯಿಗಳು ಮರಳಿವೆ. ಬೆಳಗಿನ ಹೊತ್ತು ಬಂದವರು ನೋಡಬಹುದು: ಅವು ಬಲೆಗೆ ನುಗ್ಗಿ, ಇದ್ದುದರಲ್ಲಿ ದಪ್ಪ ಮೀನನ್ನೇ ಕಚ್ಚಿಕೊಂಡು ಹೋಗುತ್ತವೆ. ದಡದಲ್ಲಿರುವ ಸುತ್ತಲ ಊರುಗಳ ಬೆಸ್ತರು ಕಲ್ಲು ಎತ್ತುವುದಿಲ್ಲ, ಬೈಯುವುದೂ ಇಲ್ಲ. ಅವು ಕಣ್ಮರೆಯಾಗುವವರೆಗೆ ಕಾದಿದ್ದು, ಹರಿದ ಬಲೆ ಹೊಲಿಯಲು ಕೂರುತ್ತಾರೆ.