ಪೂಜೆಯ ರೊಟ್ಟಿಯ ಅಂಚು

ನದಿಯ ಈಚೆ ದಡದಲ್ಲಿ ಇನ್ನಾಸಪ್ಪ ಗುರುಗಳ ಆಶ್ರಮ, ಪಕ್ಕದಲ್ಲೇ ಚರ್ಚು. ಆಚೆ ದಡದಲ್ಲಿ ಕಲ್ಲು ಒಡೆಯುವವರ ಗುಡಿಸಲುಗಳು. ಗುರುಗಳ ಬಳಿ ಚೌರಪ್ಪನೆಂಬ ಶಿಷ್ಯನಿದ್ದ. ಕೈ ಬಲು ಚುರುಕು, ಬಾಯಿ ಅದಕ್ಕಿಂತ ಚುರುಕು.

ಆ ವರ್ಷ ಕ್ರಿಸ್ತ ಮರಳಿ ಎದ್ದ ದಿನದ ಪಾಸ್ಕ ಹಬ್ಬದ ಪೂಜೆಗೆ ರೊಟ್ಟಿ ಸುಡುವ ಕೆಲಸ ಮೊದಲ ಸಲ ಅವನ ಪಾಲಿಗೆ ಬಂತು. ಅವನಿಗೆ ಖುಷಿಯೋ ಖುಷಿ. ಬರೀ ಗೋಧಿ ಹಿಟ್ಟು, ನೀರು. ಹಾಳೆಯಷ್ಟು ತೆಳ್ಳಗೆ ಸುಟ್ಟು, ಅಚ್ಚಿಟ್ಟು ದುಂಡಗೆ ಕತ್ತರಿಸಬೇಕು. ದುಂಡಗಿನವು ಬಲಿಪೀಠಕ್ಕೆ. ಉಳಿದ ಅಂಚು ಮಕ್ಕಳ ಬಾಯಿಗೆ, ಇಲ್ಲವೇ ಕೋಳಿಗೆ. ಲಾಗಾಯ್ತಿನಿಂದ ಹೀಗೇ.

ಹಬ್ಬದ ಹಿಂದಿನ ದಿನ ಲೂರ್ದಮ್ಮ ನದಿ ದಾಟಿ ಬಂದಳು. ಗಂಡ ಜ್ವರದಿಂದ ಮಲಗಿದ್ದ, ಕಲ್ಲಿನ ಕೆಲಸ ನಿಂತಿತ್ತು, ಮನೆಯಲ್ಲಿ ಒಲೆ ಹೊತ್ತಿ ಯಾವ ಕಾಲವಾಗಿತ್ತೋ. ಸೊಂಟದ ಮೇಲಿದ್ದ ಮಗುವಿಗೆ ಅಳುವ ಶಕ್ತಿಯೂ ಉಳಿದಿರಲಿಲ್ಲ. ಏನಾದರೂ ಇದ್ದರೆ ಕೊಡಿ ಎಂದು ಅವಳು ಬಾಗಿಲಲ್ಲೇ ನಿಂತು ಕೇಳಿದಳು.

ಚೌರಪ್ಪ ಮರುಗಿದ. ಅಂಚುಗಳನ್ನೆಲ್ಲ ಬಾಚಿ ಅವಳ ಸೆರಗಿಗೆ ಹಾಕಿದ. ಕ್ರಿಸ್ತನೂ ಬಡವನಾಗಿಯೇ ಹುಟ್ಟಿದ, ನೋವುಂಡ, ನೀನೂ ಸಹಿಸಿಕೋ ತಾಯಿ ಎಂದು ಉಪದೇಶವನ್ನೂ ಮಾಡಿದ. ಮಾತಿಗೇನು, ಹಿಟ್ಟು ಖರ್ಚಾಗುತ್ತದೆಯೇ.

ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡ ಗುರುಗಳು ಹೊರಗೆ ಬಂದರು.

"ಇವಳಿಗೆ ಏನು ಕೊಟ್ಟೆ?"

"ಅಂಚು ಕೊಟ್ಟೆ, ಗುರುಗಳೇ."

"ನಡುವಿನದು?"

"ಅದು ದೇವರಿಗೆ."

"ದೇವರು ನಿನ್ನ ಹತ್ತಿರ ಬಂದು ಹಸಿವಾಗಿದೆ ಎಂದನೇ?"

"ಇಲ್ಲ."

"ಇವಳು?"



ಗುರುಗಳು ಲೂರ್ದಮ್ಮನ ಮುಂದೆ ತಟ್ಟೆ ಹಿಡಿದು ಆ ಅಂಚುಗಳನ್ನು ವಾಪಸು ಕೇಳಿದರು. ಪಾಪ, ಅವಳು ಹೆದರಿ ಎಲ್ಲವನ್ನೂ ಸುರಿದುಬಿಟ್ಟಳು. ಗುರುಗಳು ಖಾಲಿ ಸೆರಗಿಗೆ ದುಂಡಗಿನ ರೊಟ್ಟಿಗಳನ್ನೆಲ್ಲ ಹಾಕಿದರು. ಉಳಿದ ಹಿಟ್ಟನ್ನು ಡಬ್ಬಿ ಸಮೇತ ಎತ್ತಿ ಚೌರಪ್ಪನ ಹೆಗಲಿಗೇರಿಸಿದರು.

ಚೌರಪ್ಪ ಕಂಗಾಲಾದ. ಬೆಳಗಾದರೆ ಹಬ್ಬ, ಪೇಟೆ ದೂರ, ಪೂಜೆಗೆ ಏನಿಡುವುದು ಎಂದು ಗೋಗರೆದ. ಅಂಚೂ ಅದೇ ಹಿಟ್ಟಿನದಲ್ಲವೇ ಎಂದರು ಗುರುಗಳು. ಜನ ನಗುತ್ತಾರೆ ಎಂದ. ನಗಲಿ ಎಂದರು.

"ಸಹಿಸಿಕೋ ಎಂದು ಅವಳಿಗೆ ಹೇಳಿದೆಯಲ್ಲ, ಆ ಮಾತು ಈಗ ನಿನಗೆ. ನಡೆ. ಮಗು ಚೇತರಿಸಿಕೊಳ್ಳುವವರೆಗೆ ಈಚೆ ದಡಕ್ಕೆ ಕಾಲಿಡಬೇಡ."

ಚೌರಪ್ಪ ಗೊಣಗುತ್ತಲೇ ಅವಳ ಹಿಂದೆ ಆಚೆ ದಡಕ್ಕೆ ಹೋದ. ರೊಟ್ಟಿ ನೆನೆಸಿ ತಿನ್ನಿಸಿದರೆ ಮಗು ಕಕ್ಕಿತು. ಹಿಟ್ಟು ಕದಡಿ ಗಂಜಿ ಕಾಯಿಸಿದ, ಅದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಅವನಿಗೆ ಭಯವಾಯಿತು. ಹಬ್ಬ, ಜನ, ಮಾನ ಎಲ್ಲ ತಲೆಯಿಂದ ಹಾರಿಹೋದವು. ಏನೇ ಆಗಲಿ ಈ ಮಗುವನ್ನು ಬಿಟ್ಟುಕೊಡುವುದಿಲ್ಲ ಎಂದು ಹಟ ಹಿಡಿದು ಕೂತ. ಗಂಜಿಯಲ್ಲಿ ಬೆರಳದ್ದಿ ನೆಕ್ಕಿಸಿದ. ಕಕ್ಕಿದರೆ ಒರೆಸಿದ, ಮತ್ತೆ ಅದ್ದಿದ.

ಹಬ್ಬದ ಬೆಳಗ್ಗೆ ಚರ್ಚು ತುಂಬಿತ್ತು. ಬಲಿಪೀಠದ ಮೇಲೆ ಸೊಟ್ಟಸೊಟ್ಟ ಅಂಚುಗಳ ತಟ್ಟೆ. ಹಿರಿಯರು ಅದನ್ನು ನೋಡಿ ಗುಸುಗುಸು ಎನ್ನುತ್ತಿದ್ದರು. ಗುರುಗಳು ಬಾಗಿಲಲ್ಲಿ ನಿಂತು ಆಚೆ ದಡವನ್ನೇ ನೋಡುತ್ತಿದ್ದರು.

ಚೌರಪ್ಪ ಒದ್ದೆ ಪಂಚೆಯಲ್ಲಿ ಓಡೋಡಿ ಬಂದ. ಅಳುತ್ತಲೂ ಇದ್ದ, ನಗುತ್ತಲೂ ಇದ್ದ.

"ಗುರುಗಳೇ, ಮಗು ಎದ್ದು ಕೂತಿದೆ. ಈಗ ತನ್ನ ಕೈಯಾರೆ ಉಣ್ಣುತ್ತಿದೆ. ನಡೆಯಿರಿ, ಪೂಜೆ ಶುರು ಮಾಡೋಣ."

ಗುರುಗಳು ಕದಲಲಿಲ್ಲ.

"ಜನರೆಲ್ಲ ಬಂದಾಯಿತು, ಇನ್ನು ಯಾರಿಗೆ ಕಾಯುವುದು?"

"ದೇವರು ಇನ್ನೂ ಉಣ್ಣುತ್ತಿದ್ದಾನೆ ಅಂತ ನೀನೇ ಹೇಳಿದೆಯಲ್ಲ. ಕೈ ತೊಳೆದುಕೊಂಡು ಬರಲಿ."