ಜಾಗಟೆಗೆ ನಿಂತ ದಂಡು

ಹಿಂದೆ ಚೀನಾ ದೇಶದ ಗಡಿಯ ಪಾಳೆಯವೊಂದರಲ್ಲಿ ಶೆನ್ ಎಂಬ ಅಡುಗೆಯವನಿದ್ದ. ಹೊಸದಾಗಿ ಬಂದ ದಳಪತಿ ಮೆಂಗ್ ಬೆಳಿಗ್ಗೆ ಕವಾಯತಿನಲ್ಲಿ ಗುಡುಗಿದ: "ನಗಾರಿ ಬಾರಿಸಿದರೆ ಮುಂದೆ ನುಗ್ಗಬೇಕು. ಜಾಗಟೆ ಬಾರಿಸಿದರೆ ನಿಂತಲ್ಲೇ ನಿಲ್ಲಬೇಕು. ಮತ್ತೆ ನಗಾರಿ ಕೇಳುವ ತನಕ ಅಲುಗಾಡಿದ ಸೈನಿಕನ ತಲೆ ತೆಗೆಸ್ತೀನಿ. ನಾನಾದರೂ ಅಷ್ಟೇ!"

ಮುಂದಿನ ಸಾಲಿನ ಈಟಿಯವರು, ಹಿಂದಿನ ಸಾಲಿನ ಬಿಲ್ಲಿನವರು ತಲೆಯಾಡಿಸಿದರು. ಶೆನ್ ಕೂಡ ಕೊನೆಯಲ್ಲಿ ಹೋಗಿ ನಿಂತ.

"ಏಯ್, ಸೌಟು ಹಿಡಿಯೋನು ಸೈನಿಕನೇನೋ? ನಡಿ ಒಲೆ ಹತ್ತಿರ!" ಎಂದು ದಳಪತಿ ಗದರಿದ.

ಮಧ್ಯಾಹ್ನ ಗಂಜಿ ಕೊಂಚ ತಳ ಹಿಡಿಯಿತು. ದಳಪತಿ ಕೆಂಡವಾದ. "ಇವನಿಗೆ ಬೆತ್ತದ ರುಚಿ ತೋರಿಸ್ರೋ!" ಎಂದವನು ತಾನೂ ಒದೆಯಲು ಕಾಲೆತ್ತಿದ.

ಶೆನ್ ನುಣುಚಿಕೊಂಡು, ಪಕ್ಕದಲ್ಲೇ ತೂಗುತ್ತಿದ್ದ ಜಾಗಟೆಗೆ ಸೌಟಿನಿಂದ ಬಾರಿಸಿದ. ಢಣ್!

ದಂಡಿಗೆ ದಂಡೇ ಕಲ್ಲಾಯಿತು. ಬಾಯಿಗೆ ಹೊರಟ ಗಂಜಿ ಅಲ್ಲೇ ನಿಂತಿತು. ಎತ್ತಿದ ಬೆತ್ತ ಎತ್ತಿದಂತೆಯೇ ಇತ್ತು. ದಳಪತಿ ಒಂಟಿ ಕಾಲಲ್ಲಿ ಕೊಕ್ಕರೆಯಾಗಿದ್ದ; ದಂಡೆಲ್ಲ ಅವನನ್ನೇ ನೋಡುತ್ತಿತ್ತು.

"ನಗಾರಿ ಬಾರಿಸೋ!" ಎಂದು ಹಲ್ಲು ಕಚ್ಚಿ ಕೂಗಿದ.

"ಕೈ ಅಲುಗಿದರೆ ತಲೆ ಹೋಗುತ್ತಲ್ಲ, ಒಡೆಯಾ," ಎಂದ ನಗಾರಿಯವನು.

ದಳಪತಿಯ ಕಾಲು ನಡುಗತೊಡಗಿತು. "ಅಪ್ಪಾ ಶೆನ್, ನೀನಾದರೂ ಬಾರಿಸು. ಬೆತ್ತ ಬೇಡ, ಬಿಟ್ಟೆ!"

"ನಗಾರಿ ಮುಟ್ಟೋಕೆ ನಾನೇನು ಸೈನಿಕನೇ, ಒಡೆಯಾ?"

"ಹೌದು ಮಾರಾಯಾ! ಈ ಗಳಿಗೆಯಿಂದ ನೀನೂ ಸೈನಿಕನೇ!"

ಅಷ್ಟು ಕೇಳಿದ್ದೇ ತಡ, ಶೆನ್ ಹಿಡಿದ ಸೌಟು ಹಿಡಿದಂತೆಯೇ, ಎವೆಯಿಕ್ಕದೆ ಕಲ್ಲಿನಂತೆ ನಿಂತುಬಿಟ್ಟ.