ಅವ್ವನ ಕೋಣೆಗೆ ಏಸಿ

ರಾಯಚೂರಿನ ಬಿಸಿಲು ತಾಳದೆ ಗುತ್ತಿಗೆದಾರ ಚನ್ನವೀರಪ್ಪ ಏಸಿ ತರಿಸಿದ. ಹಿಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದ ಅವನ ತಾಯಿ ಸೆಕೆಗೆ ಬೇಯುತ್ತಿದ್ದಳು. ಅವನು ಮಾತ್ರ ಕೆಲಸಗಾರನಿಗೆ, "ಪಡಸಾಲ್ಯಾಗ ಕೂಡಿಸು, ಬಂದವರೆಲ್ಲ ನೋಡಲಿ" ಎಂದು ಅಪ್ಪಣೆ ಕೊಟ್ಟ.

ಅಡುಗೆಯ ಶರಣಮ್ಮ ಹಿಂದಿನ ಕೋಣೆಯ ಕಡೆ ನೋಡಿದಳು. ಮೆಲ್ಲಗೆ ಹೇಳಿದಳು: "ಹಂಗೇ ಆಗಲಿ ಧಣ್ಯಾರ. ತಂಪಿಗೆ ಕುಂತ ಮಂದಿ ಸಂಜೀತನಕ ಏಳೂದಿಲ್ಲ, ಮ್ಯಾಲಿಂದ ಮ್ಯಾಲೆ ಚಹಾ ಕಾಸ್ತೀನಿ. ಅವ್ವಾರ ಕೋಣ್ಯಾಗ ಹಾಕ್ಸಿದ್ರ ನೋಡಿ, ನಿಮ್ಮನ್ನ ಹೊಗಳಿ, ಲಗೂನ ಹೋಗ್ತಾರ."

ಚನ್ನವೀರಪ್ಪ ಗದ್ದ ತುರಿಸಿಕೊಂಡು ಒಪ್ಪಿದ. ಗಾಳಿ ಮುದುಕಿಯ ಎದೆಗೆ ನೇರ ಬಡಿಯದಂತೆ ಶರಣಮ್ಮ ಮುಂದೆ ನಿಂತು ಹಾಕಿಸಿದಳು.

ತಂಪಿಗೆ ಮುದುಕಿ ಕಣ್ಣು ತೆರೆದಳು. "ಮಗ ನನಗಂತ ಹಾಕ್ಸಿದನೇನ?"

"ಹೌದವ್ವಾ, ನಿಮಗಂತನ."

ಬಾಗಿಲಲ್ಲಿ ನಿಂತಿದ್ದ ಚನ್ನವೀರಪ್ಪ ತಲೆ ತಗ್ಗಿಸಿದ. ಆಮೇಲೆ ತಾಯಿ ಬದುಕಿದ್ದು ಒಂದೇ ವಾರ. ಮಾತಾಡಿಸಲು ಬಂದವರು ತಾಯಿಗೆ ಏಸಿ ಹಾಕಿಸಿದ ಮಗನೆಂದು ಹೊಗಳಿದಾಗಲೆಲ್ಲ ಅವನು ಎದ್ದು ಹಿತ್ತಲಿಗೆ ಹೋಗುತ್ತಿದ್ದ.